ಸೂತಕ ಕಳೆಯೋಕೂ ಬಿಡದ ಸಿನಿಮಾ: ಸ್ಟೀಫನ್ ಕಿಂಗ್ ಓದಿದವರು ಇದ್ದರೆ ಸ್ವಲ್ಪ ಹೇಳಿ

ರಸ್ತೆಬದಿ ಮನೆ ಕೇಳಿದ್ದು:

ನಮ್ಮ ಮನೆ ಹಾಸನದ ಹೊರಗೆ, ಬೇಲೂರು ರಸ್ತೆಗೆ ಅಂಟಿಕೊಂಡ ಹಾಗೇ ಇದೆ. ಹಗಲೂ ರಾತ್ರಿ ಲಾರಿ. ಮಗನಿಗೆ ಈಗ ಎರಡೂವರೆ ವರ್ಷ. ಓಡುವುದು ಕಲಿತ ಮೇಲೆ ನಡೆಯುವುದನ್ನೇ ಬಿಟ್ಟಿದ್ದಾನೆ. ಇಂಥ ಮನೆಯಲ್ಲಿ ಕೂತು ಸ್ಟೀಫನ್ ಕಿಂಗ್‌ನ 'ಪೆಟ್ ಸೆಮಟರಿ' ಓದಬಾರದಿತ್ತು. ಬ್ಯಾಂಕಿನಲ್ಲಿ ನನ್ನ ಪಕ್ಕದ ಕೌಂಟರಿನ ಹುಡುಗ "ಮೇಡಂ, ದೆವ್ವದ ಕಥೆ, ಸೂಪರಾಗಿದೆ" ಅಂತ ಕೊಟ್ಟ. ಅವನಿಗಿನ್ನೂ ಮದುವೆ ಆಗಿಲ್ಲ.

ಓದದವರಿಗೆ ಎರಡು ಮಾತು. ಲೂಯಿಸ್ ಕ್ರೀಡ್ ಅಂತ ಒಬ್ಬ ಡಾಕ್ಟರು. ಹೆಂಡತಿ, ಮಗಳು, ಪುಟ್ಟ ಮಗ ಗೇಜ್, ಚರ್ಚ್ ಅನ್ನುವ ಬೆಕ್ಕು, ಇಷ್ಟನ್ನೂ ಕಟ್ಟಿಕೊಂಡು ಅಮೆರಿಕದ ಮೇನ್ ರಾಜ್ಯದ ಲಡ್ಲೋ ಎಂಬ ಊರಿಗೆ ಬರುತ್ತಾನೆ. (ಮಗಳ ಹೆಸರನ್ನು ಕನ್ನಡದಲ್ಲಿ ಸರಿಯಾಗಿ ಬರೆದರೆ 'ಎಲ್ಲಿ' ಅಂತಾಗುತ್ತದೆ. ಆಮೇಲೆ ನೀವು ಎಲ್ಲಿ ಎಲ್ಲಿ ಅಂತ ಹುಡುಕಬೇಕು. ಅದಕ್ಕೆ ಎಲಿ ಅಂತಲೇ ಬರೆಯುತ್ತೇನೆ.) ಮನೆ ಮುಂದೆ ಲಾರಿ ರಸ್ತೆ, ಹಿಂದೆ ಕಾಡು. ಕಾಡಲ್ಲಿ ಊರಿನ ಮಕ್ಕಳು ಸತ್ತ ನಾಯಿ ಬೆಕ್ಕುಗಳನ್ನು ಹೂಳುವ ಜಾಗ. ಬೋರ್ಡು ಬರೆದದ್ದೂ ಮಕ್ಕಳೇ, ಅದಕ್ಕೇ ಹೆಸರಿನಲ್ಲಿ ಸ್ಮಶಾನ ಅನ್ನುವ ಇಂಗ್ಲಿಷ್ ಪದದ ಸ್ಪೆಲಿಂಗ್ ತಪ್ಪು. ಅದರಾಚೆ ಇನ್ನೊಂದು ಜಾಗ ಇದೆ. ಅಲ್ಲಿ ಹೂತದ್ದು ಎದ್ದು ಬರುತ್ತದೆ. ಆದರೆ ಹೋದದ್ದೇ ಬರುವುದಿಲ್ಲ, ಬೇರೆ ಏನೋ ಬರುತ್ತದೆ. ಮೊದಲು ಬೆಕ್ಕು ಬರುತ್ತದೆ. ಆಮೇಲೆ ಯಾರು ಅಂತ ನಿಮಗೇ ಗೊತ್ತಾಗುತ್ತದೆ.

ಅದರಲ್ಲಿ ಒಂದು ಗಾಳಿಪಟದ ಅಧ್ಯಾಯ ಇದೆ. ಅಪ್ಪ ಮಗ ಬಯಲಲ್ಲಿ ಗಾಳಿಪಟ ಹಾರಿಸುತ್ತಾರೆ, ಅಷ್ಟೇ. ದೆವ್ವ ಇಲ್ಲ, ರಕ್ತ ಇಲ್ಲ. ಮಗುವಿನ ಕೈಗೆ ದಾರ ಕೊಟ್ಟು ಅಪ್ಪ ಖುಷಿಪಡುತ್ತಾನೆ. ಅಷ್ಟರಲ್ಲಿ ಲೇಖಕ ನಡುವೆ ಬಾಯಿ ಹಾಕಿ, ಈ ಮಗು ಇನ್ನು ಎರಡು ತಿಂಗಳೂ ಇರುವುದಿಲ್ಲ ಅಂತ ಹೇಳಿಬಿಡುತ್ತಾನೆ. ಬೇರೆ ಯಾರಾದರೂ ಆಗಿದ್ದರೆ ಕೊನೆವರೆಗೂ ಬಚ್ಚಿಟ್ಟುಕೊಳ್ಳುತ್ತಿದ್ದ ಸುದ್ದಿ ಅದು. ರಾತ್ರಿ ಹನ್ನೊಂದೂವರೆ ಆಗಿತ್ತು. ಎದ್ದು ಹೋಗಿ ಗೇಟಿನ ಚಿಲಕ ನೋಡಿಕೊಂಡು ಬಂದೆ. ಮಗ ಒಳಗೆ ಅಪ್ಪನ ಪಕ್ಕದಲ್ಲಿ ಮಲಗಿದ್ದ, ಆದರೂ.

ಇನ್ನೊಂದು ಅಧ್ಯಾಯ ಇದಕ್ಕಿಂತ ಕೆಟ್ಟದ್ದು. ಲೂಯಿಸ್ ಓಡಿಹೋಗಿ ಮಗುವಿನ ಜಾಕೆಟ್ ಹಿಡಿದು ಎಳೆದೇಬಿಡುತ್ತಾನೆ. ಲಾರಿ ಮುಂದೆ ಹೋಗುತ್ತದೆ. ಮಗು ಉಳಿಯುತ್ತದೆ, ಬೆಳೆಯುತ್ತದೆ, ಕಾಲೇಜಿಗೆ ಹೋಗುತ್ತದೆ, ಈಜಿನಲ್ಲಿ ಒಲಿಂಪಿಕ್ ಚಿನ್ನ ಗೆಲ್ಲುತ್ತದೆ. ಓದುತ್ತಾ ಓದುತ್ತಾ ನಾನು ನಿಜಕ್ಕೂ ನಂಬಿಬಿಟ್ಟೆ. ಅದೆಲ್ಲ ಆ ಅಪ್ಪನ ತಲೆಯೊಳಗೆ ಮಾತ್ರ ನಡೆದದ್ದು. ಕಣ್ಣು ಬಿಟ್ಟರೆ ಮಗು ಸತ್ತೇ ಇದೆ. ಮಾರನೇ ದಿನ ಕ್ಯಾಶ್ ಲೆಕ್ಕ ಎರಡು ಸಲ ತಪ್ಪಿತು.

ಪುಸ್ತಕ ಮುಗಿದು ಒಂದು ವಾರಕ್ಕೆ ನಮ್ಮವರು "ಇದರ ಸಿನಿಮಾ ಇದೆಯಂತೆ, ನೋಡೋಣ, ನಿನ್ನ ಭಯ ಹೋಗುತ್ತೆ" ಅಂದರು. ಭಯ ಹೋಯಿತು, ಅದೇ ಸಮಸ್ಯೆ. ನಾವು ನೋಡಿದ್ದು 2019ರದ್ದು. ಅದರಲ್ಲಿ ಲಾರಿಗೆ ಸಿಗುವುದು ಪುಟ್ಟ ಗೇಜ್ ಅಲ್ಲ, ಅಕ್ಕ ಎಲಿ. ನಮ್ಮವರ ವಾದ ಏನೆಂದರೆ, ಎರಡು ವರ್ಷದ ಮಗು ಕೈಯಲ್ಲಿ ಚಾಕು ಹಿಡಿದು ಬಂದರೆ ನಗು ಬರುತ್ತದೆ, ದೊಡ್ಡ ಹುಡುಗಿಯಾದರೆ ನಟನೆಯಾದರೂ ಮಾಡುತ್ತಾಳೆ. ಒಪ್ಪುತ್ತೇನೆ. ವಾಪಸ್ ಬಂದ ಮಗಳ ತಲೆ ಬಾಚುವಾಗ ಅಪ್ಪನ ಬಾಚಣಿಗೆ ತಲೆಯ ಹಿಂದಿನ ಹೊಲಿಗೆಯ ಪಿನ್ನುಗಳಿಗೆ ಸಿಕ್ಕಿಕೊಳ್ಳುತ್ತದಲ್ಲ, ಅದೊಂದು ಜಾಗದಲ್ಲಿ ನನಗೂ ಮೈ ಜುಂ ಅಂತು. ಆದರೆ ಉಳಿದದ್ದೆಲ್ಲ ಓಟ. ಶವಸಂಸ್ಕಾರ ಎರಡು ನಿಮಿಷ, ಆಮೇಲೆ ಗುದ್ದಲಿ, ಮಂಜು, ಕಾಡು.

ನಮ್ಮ ಅತ್ತೆ ಪಕ್ಕದಲ್ಲಿ ಕೂತು ಅವರೆಕಾಳು ಹಿತುಕುತ್ತಿದ್ದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಬರೀ ಚಿತ್ರ ನೋಡುತ್ತಿದ್ದರು. ಹುಡುಗಿ ಎದ್ದು ಮನೆಗೆ ಬಂದಾಗ ತಲೆ ಎತ್ತಿ, "ಸೂತಕ ಕಳೆಯೋಕೂ ಬಿಡ್ಲಿಲ್ವಲ್ಲೋ ಇವ್ರು!" ಅಂದರು. ಮತ್ತೆ ಕಾಳಿನ ಕಡೆ ತಿರುಗಿದರು.

ನನಗೆ ಒಂದು ವಾರದಿಂದ ಹೇಳಲು ಬಾರದೆ ಒದ್ದಾಡುತ್ತಿದ್ದದ್ದನ್ನು ಅವರು ಒಂದೇ ಮಾತಲ್ಲಿ ಹೇಳಿಬಿಟ್ಟರು. ಪುಸ್ತಕ ಇರುವುದೇ ಆ ಸೂತಕದಲ್ಲಿ. ಆಮೇಲೆ 1989ರ ಹಳೆಯ ಸಿನಿಮಾವನ್ನೂ ನೋಡಿದೆ. ಅದರ ಚಿತ್ರಕಥೆ ಕಿಂಗ್‌ನದೇ. ಅದರಲ್ಲಿ ಗೇಜ್‌ನೇ ಸಾಯುತ್ತಾನೆ, ಶವಪೆಟ್ಟಿಗೆಯ ಮುಂದೆ ಅಳಿಯ ಮಾವ ಹೊಡೆದಾಡುವ ದೃಶ್ಯವೂ ಇದೆ. ಸ್ವಲ್ಪ ವಾಸಿ. ಆದರೂ ಆ ಒಲಿಂಪಿಕ್ ಅಧ್ಯಾಯ ಎರಡರಲ್ಲೂ ನನಗೆ ಕಾಣಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಈ ಲೇಖಕನ ಸಿನಿಮಾಗಳೆಲ್ಲ ಹೀಗೇನಾ? ಅಥವಾ ಪುಸ್ತಕ ಮೊದಲು ಓದಿದ್ದು ನನ್ನ ತಪ್ಪಾ? ನೋಡುವಂಥದ್ದು ಯಾವುದಾದರೂ ಇದ್ದರೆ ಹೇಳಿ. ಅತ್ತೆಯೂ ಜೊತೆಗಿರುತ್ತಾರೆ.


ಹಳೇ ಕ್ಯಾಸೆಟ್ ಉತ್ತರಿಸಿದ್ದು:

ಮೊದಲು ನಿಮ್ಮ ಅತ್ತೆಗೆ ಈ ಮುದುಕನ ನಮಸ್ಕಾರ ತಿಳಿಸಿ ತಾಯಿ. ಇಷ್ಟು ಚಿಕ್ಕ ವಿಮರ್ಶೆಯನ್ನು ನಾನು ಪತ್ರಿಕೆಯಲ್ಲೂ ಓದಿಲ್ಲ.

ಶಿವಮೊಗ್ಗದಲ್ಲಿ ನನ್ನದೊಂದು ವಿಡಿಯೋ ಲೈಬ್ರರಿ ಇತ್ತು. ದಿನಕ್ಕೆ ಹತ್ತು ರೂಪಾಯಿ, ರಿವೈಂಡ್ ಮಾಡದೆ ತಂದರೆ ಒಂದು ರೂಪಾಯಿ ದಂಡ. ಇಂಗ್ಲಿಷ್ ಹಾರರ್ ಒಂದು ಇಡೀ ಸಾಲು ಇಟ್ಟಿದ್ದೆ. ಕಾಲೇಜು ಹುಡುಗರು ಕವರ್ ನೋಡಿ ಒಯ್ಯುತ್ತಿದ್ದರು, ಬೈದುಕೊಂಡು ವಾಪಸ್ ತರುತ್ತಿದ್ದರು. ಕವರ್ ಮೇಲೆ ಸ್ಟೀಫನ್ ಕಿಂಗ್ ಅಂತ ದಪ್ಪಕ್ಷರ ಇದ್ದರೆ ಬೈಗುಳ ಇನ್ನೂ ಜಾಸ್ತಿ. ಹೆಸರು ನೋಡಿ ಆಸೆ ಇಟ್ಟುಕೊಂಡಿರುತ್ತಿದ್ದರಲ್ಲ.

ಎರಡು ಕ್ಯಾಸೆಟ್ ಬಗ್ಗೆ ಹೇಳಲೇಬೇಕು.

ಒಂದು, 'ದಿ ಲಾನ್‌ಮೋವರ್ ಮ್ಯಾನ್', 1992. ಮೂಲ ಕಥೆ 'ನೈಟ್ ಶಿಫ್ಟ್' ಅನ್ನುವ 1978ರ ಸಂಕಲನದಲ್ಲಿದೆ. ಕೆಲವೇ ಪುಟ. ಒಬ್ಬ ತನ್ನ ಮನೆ ಮುಂದಿನ ಹುಲ್ಲು ಕತ್ತರಿಸಲು ಆಳನ್ನು ಕರೆಸುತ್ತಾನೆ. ಬಂದ ಆಸಾಮಿ ಬಟ್ಟೆ ಬಿಚ್ಚಿ, ತಾನಾಗಿ ಓಡುವ ಯಂತ್ರದ ಹಿಂದೆ ನಾಲ್ಕು ಕಾಲಲ್ಲಿ ಹೋಗುತ್ತಾ ಕತ್ತರಿಸಿದ ಹುಲ್ಲನ್ನು ತಿನ್ನುತ್ತಾನೆ. ಹುಚ್ಚು ಕಥೆ, ನಗು ಬಂದು ಆಮೇಲೆ ಹೊಟ್ಟೆ ತೊಳಸುತ್ತದೆ. ಸಿನಿಮಾದಲ್ಲಿ ಏನಿದೆ? ಕಂಪ್ಯೂಟರು, ವರ್ಚುವಲ್ ರಿಯಾಲಿಟಿ, ಪೆದ್ದನನ್ನು ಬುದ್ಧಿವಂತ ಮಾಡುವ ವಿಜ್ಞಾನಿಯಾಗಿ ಪಿಯರ್ಸ್ ಬ್ರಾಸ್ನನ್. ಹುಲ್ಲು ಕತ್ತರಿಸುವವನೊಬ್ಬ ಇದ್ದಾನೆ ಅನ್ನುವುದು ಬಿಟ್ಟರೆ ಹೆಚ್ಚುಕಡಿಮೆ ಬೇರೆಯದೇ ಕಥೆ. ಕಿಂಗ್ ಕೋರ್ಟಿಗೆ ಹೋಗಿ ತನ್ನ ಹೆಸರು ತೆಗೆಸಿಹಾಕಿದ. ಕ್ಯಾಸೆಟ್ ಬಂದಾಗ ಅದರ ಮೇಲೆ ಹೆಸರು ಮತ್ತೆ ಕಾಣಿಸಿಕೊಂಡಿತು. ಮತ್ತೆ ಕೋರ್ಟು. ಬರೆದವನೇ "ಇದು ನಂದಲ್ಲ ಸ್ವಾಮಿ" ಅಂತ ನ್ಯಾಯಾಲಯದಲ್ಲಿ ಹೇಳಿದ ಮೇಲೆ, ರಿವೈಂಡ್ ಮಾಡದೆ ತಂದ ನಮ್ಮ ಹುಡುಗರಿಗೆ ನಾನೇನು ಹೇಳಲಿ?

ಎರಡನೆಯದು ಇನ್ನೂ ಮಜ. 'ಮ್ಯಾಕ್ಸಿಮಮ್ ಓವರ್‌ಡ್ರೈವ್', 1986. ಇದಕ್ಕೂ ಮೂಲ ಅದೇ ಸಂಕಲನದ 'ಟ್ರಕ್ಸ್' ಅನ್ನುವ ಕಥೆ. ಬೇರೆಯವರೆಲ್ಲ ನನ್ನ ಕಥೆ ಕೆಡಿಸುತ್ತಾರೆ, ಸರಿಯಾಗಿ ಆಗಬೇಕೆಂದರೆ ನಾನೇ ಮಾಡಬೇಕು ಅಂತ ಕಿಂಗ್ ಟ್ರೇಲರಿನಲ್ಲಿ ಬಂದು ನಿಂತು ಬೆರಳು ತೋರಿಸಿ ಹೇಳಿದ. ನಿರ್ದೇಶನವೂ ಅವನದೇ. ಧೂಮಕೇತುವಿನ ಬಾಲಕ್ಕೆ ಭೂಮಿ ಸಿಕ್ಕಿಕೊಂಡು ಯಂತ್ರಗಳಿಗೆಲ್ಲ ಹುಚ್ಚು ಹಿಡಿಯುತ್ತದೆ. ಲಾರಿಗಳು ಪೆಟ್ರೋಲ್ ಬಂಕಿನ ಸುತ್ತ ಗಿರಕಿ ಹೊಡೆಯುತ್ತವೆ. ಒಂದು ಲಾರಿಯ ಮೂತಿಗೆ ಹಸಿರು ರಾಕ್ಷಸನ ಮುಖ. ಹಿನ್ನೆಲೆಯಲ್ಲಿ ಎಸಿ/ಡಿಸಿ ಅನ್ನುವ ರಾಕ್ ಬ್ಯಾಂಡಿನ ಗಿಟಾರು. ಶುರುವಿನಲ್ಲಿ ಒಬ್ಬ ಎಟಿಎಂ ಮುಂದೆ ನಿಲ್ಲುತ್ತಾನೆ, ಯಂತ್ರ ಅವನಿಗೆ ಕೆಟ್ಟ ಬೈಗುಳ ಬೈಯುತ್ತದೆ. ಬೈಸಿಕೊಳ್ಳುವವನು ಸ್ಟೀಫನ್ ಕಿಂಗೇ. ನೀವು ಬ್ಯಾಂಕಿನವರಲ್ವಾ, ಅಷ್ಟು ಮಾತ್ರ ನೋಡಿ, ಉಳಿದದ್ದು ಬೇಡ.

ಆ ಸಿನಿಮಾ ಮಾಡುವಾಗ ತಾನು ಕೊಕೇನ್ ಅಮಲಿನಲ್ಲಿದ್ದೆ ಅಂತ ಅವನೇ ಆಮೇಲೆ ಒಪ್ಪಿಕೊಂಡಿದ್ದಾನೆ. ಕೆಟ್ಟ ಸಿನಿಮಾಗಳನ್ನು ಅಣಕಿಸಿ ಕೊಡುವ 'ರಾಜಿ' ಅನ್ನುವ ಪ್ರಶಸ್ತಿಗೆ ಅತಿ ಕೆಟ್ಟ ನಿರ್ದೇಶಕ ಅಂತ ಹೆಸರೂ ಹೋಯಿತು. ಮತ್ತೆ ನಿರ್ದೇಶನದ ಕಡೆ ತಲೆ ಹಾಕಲಿಲ್ಲ. ಹಾಗಾಗಿ ತಾಯಿ, ಬೇರೆಯವರು ಕೆಡಿಸಿದರು ಅಂತ ಮಾತ್ರ ಹೇಳುವ ಹಾಗಿಲ್ಲ. ಹೆತ್ತವನ ಕೈಗೆ ಕೊಟ್ಟರೂ ಮಗು ಬದುಕಲಿಲ್ಲ. (ಈ ಹೋಲಿಕೆ ನಿಮ್ಮ ಪ್ರಶ್ನೆಗೆ ಸರಿಹೋಗುವುದಿಲ್ಲ, ಬರೆದ ಮೇಲೆ ಗೊತ್ತಾಯಿತು. ಕ್ಷಮಿಸಿ.)


ಕತ್ತರಿ ಕೆಲಸ ಉತ್ತರಿಸಿದ್ದು:

ನಾನು ಬೆಂಗಳೂರಿನಲ್ಲಿ ಎಡಿಟಿಂಗ್ ಮಾಡುತ್ತೇನೆ. ಜಾಸ್ತಿ ಧಾರಾವಾಹಿ, ಆಗೊಮ್ಮೆ ಈಗೊಮ್ಮೆ ಸಿನಿಮಾ. ಸೂತಕದ ಮಾತು ಓದಿ ಸ್ವಲ್ಪ ಜಗಳ ಆಡೋಣ ಅನಿಸಿತು.

ಮೇಡಂ, ಪುಸ್ತಕದಲ್ಲೂ ಲೂಯಿಸ್ ಸೂತಕ ಕಳೆಯುವವರೆಗೆ ಕಾಯುವುದಿಲ್ಲವಲ್ಲ! ಮಣ್ಣು ಮಾಡಿ ಇನ್ನೂ ಹಸಿಯಾಗಿರುವಾಗಲೇ ಹೆಂಡತಿ ಮಗಳನ್ನು ಶಿಕಾಗೋಗೆ ಕಳಿಸಿ, ಗುದ್ದಲಿ ಹಿಡಿದು ಸ್ಮಶಾನದ ಬೇಲಿ ಹತ್ತುತ್ತಾನೆ. ದಿನ ಲೆಕ್ಕ ಹಾಕಿದರೆ ಪುಸ್ತಕವೂ ಸಿನಿಮಾದಷ್ಟೇ ಅವಸರದ್ದು. ನಿಮಗೆ ಉದ್ದ ಅನಿಸಿದ್ದು ದಿನ ಅಲ್ಲ, ಪುಟ. ಆ ಬೇಲಿ ಹತ್ತುವುದಕ್ಕೇ ಎಷ್ಟು ಪುಟ ನೋಡಿ. ಪ್ಯಾಂಟು ಸಿಕ್ಕಿಕೊಳ್ಳುತ್ತದೆ, ಯಾರೋ ಬಂದರು ಅನಿಸುತ್ತದೆ, ವಾಪಸ್ ಹೋಗಲಾ ಅಂತ ಯೋಚಿಸುತ್ತಾನೆ. ಓದುವ ನಾವು ವಾಪಸ್ ಹೋಗೋ ಮಾರಾಯ ಅನ್ನುತ್ತಿರುತ್ತೇವೆ. ಅಷ್ಟು ಹೊತ್ತು ಅವನ ತಲೆಯೊಳಗೆ ಕೂತಿದ್ದು, ಕೊನೆಗೆ ಅವನು ಅಗೆಯುವಾಗ ನಾವೂ ಒಂದು ಕೈ ಹಾಕಿದ ಹಾಗೆ ಆಗಿರುತ್ತದೆ. ನಿಮಗೆ ಹೆದರಿಕೆ ಆದದ್ದು ಅದಕ್ಕೆ.

ನಮ್ಮ ಎಡಿಟ್ ಟೇಬಲ್ ಮೇಲೆ ಮೊದಲು ಸಾಯುವುದು ಸುಮ್ನೆ ಕೂತ ಮನುಷ್ಯನ ಶಾಟ್. "ಇಲ್ಲಿ ಏನೂ ಆಗ್ತಿಲ್ಲ, ಟ್ರಿಮ್ ಮಾಡು" ಅನ್ನುತ್ತಾರೆ. ಏನೂ ಆಗದೇ ಇರುವುದೇ ಅಲ್ಲಿ ಆಗುತ್ತಿರುವುದು ಅಂತ ಹೇಳಿ ಗೆದ್ದ ಎಡಿಟರ್ ಕಡಿಮೆ. (ಧಾರಾವಾಹಿಯಲ್ಲಿ ಸೂತಕವನ್ನು ಎರಡು ವಾರ ಎಳೆಯುತ್ತೇವೆ. ಅದರಿಂದಲೂ ಯಾರಿಗೂ ದುಃಖ ಆಗುವುದಿಲ್ಲ. ಉದ್ದ ಮಾಡಿದರೆ ಸಾಕು ಅಂತಲ್ಲ.)

ಉದ್ದದ ಮಾತು ಬಂತಲ್ಲ, 'ಇಟ್' ನೋಡಿ. ಚರಂಡಿಯಲ್ಲಿ ಜೋಕರ್ ವೇಷದಲ್ಲಿ ಕಾದು ಮಕ್ಕಳನ್ನು ಹಿಡಿಯುವ ಭೂತದ ಕಥೆ. 1986ರ ಪುಸ್ತಕ, ಸಾವಿರ ಪುಟ ದಾಟುತ್ತದೆ. 2017ರಲ್ಲಿ ಮಕ್ಕಳ ಭಾಗವನ್ನು ಮಾತ್ರ ಸಿನಿಮಾ ಮಾಡಿದರು, ಚೆನ್ನಾಗಿತ್ತು, ದುಡ್ಡೂ ಬಂತು. 2019ರಲ್ಲಿ ಅದೇ ಮಕ್ಕಳು ದೊಡ್ಡವರಾದ ಭಾಗ, 169 ನಿಮಿಷ. ಒಬ್ಬೊಬ್ಬರೂ ಊರಿನ ಒಂದೊಂದು ಮೂಲೆಗೆ ಹೋಗಿ ಒಂದೊಂದು ಭೂತ ನೋಡಿ ಕಿರುಚಿಕೊಂಡು ಬರುತ್ತಾರೆ. ಪಾಳಿ ಹಚ್ಚಿದ ಹಾಗೆ. ಎರಡು ಮುಕ್ಕಾಲು ಗಂಟೆ ಸಿಕ್ಕಿಯೂ ಅವರಿಗೆ ಯಾರನ್ನೂ ಸುಮ್ನೆ ಕೂರಿಸಲು ಬಿಡುವಾಗಲಿಲ್ಲ.

ಪುಸ್ತಕಕ್ಕೆ ನಿಷ್ಠೆ ಇರಬೇಕು ಅನ್ನುವವರಿಗೆ 'ದಿ ಶೈನಿಂಗ್' ಒಂದೇ ಸಾಕು. ಚಳಿಗಾಲದಲ್ಲಿ ಮುಚ್ಚಿದ ದೊಡ್ಡ ಹೋಟೆಲನ್ನು ಕಾಯಲು ಅಪ್ಪ, ಅಮ್ಮ, ಮಗ ಹೋಗುವ ಕಥೆ. 1977ರ ಪುಸ್ತಕ, 1980ರಲ್ಲಿ ಸ್ಟ್ಯಾನ್ಲಿ ಕ್ಯೂಬ್ರಿಕ್ ಸಿನಿಮಾ ಮಾಡಿದ. ಪುಸ್ತಕದಲ್ಲಿ ಪ್ರಾಣಿಗಳ ಆಕಾರಕ್ಕೆ ಕತ್ತರಿಸಿದ ಪೊದೆಗಳು ಜೀವ ತಳೆಯುತ್ತವೆ, ಸಿನಿಮಾದಲ್ಲಿ ಅದರ ಬದಲು ಪೊದೆಗಳ ಚಕ್ರವ್ಯೂಹ. ಪುಸ್ತಕದ ಕೊನೆಯಲ್ಲಿ ಬಾಯ್ಲರ್ ಸಿಡಿದು ಹೋಟೆಲು ಸುಟ್ಟುಹೋಗುತ್ತದೆ, ಸಿನಿಮಾದಲ್ಲಿ ಅಪ್ಪ ಹಿಮದಲ್ಲಿ ಹೆಪ್ಪುಗಟ್ಟುತ್ತಾನೆ. ಕಿಂಗ್‌ಗೆ ಇವತ್ತಿಗೂ ಅದು ಇಷ್ಟ ಇಲ್ಲ. ಇಂಜಿನ್ ಇಲ್ಲದ ಚಂದದ ದೊಡ್ಡ ಕಾರು ಅಂತ ಹೇಳಿದ್ದ. ಅವನ ಸಿಟ್ಟು ನ್ಯಾಯದ್ದೇ. ಅವನ ಪುಸ್ತಕದ ಅಪ್ಪ ಜ್ಯಾಕ್ ಕುಡಿತ ಬಿಟ್ಟು, ಮಗನನ್ನು ಪ್ರೀತಿಸುತ್ತಾ, ನಿಧಾನಕ್ಕೆ ಜಾರುವ ಮನುಷ್ಯ. ಸಿನಿಮಾದಲ್ಲಿ ಆ ಪಾತ್ರ ಮಾಡಿದ ಜ್ಯಾಕ್ ನಿಕೋಲ್ಸನ್ ಕೆಲಸದ ಸಂದರ್ಶನಕ್ಕೆ ಬಂದಾಗಲೇ ಅರ್ಧ ಜಾರಿ ಕೂತಿರುತ್ತಾನೆ.

ಆದರೆ 1997ರಲ್ಲಿ ಕಿಂಗ್ ತಾನೇ ಚಿತ್ರಕಥೆ ಬರೆದು ಟಿವಿಗೆ ಮೂರು ಕಂತಿನಲ್ಲಿ ಮಾಡಿಸಿದನಲ್ಲ, ಅದರಲ್ಲಿ ಎಲ್ಲವೂ ಪುಸ್ತಕದ ಪ್ರಕಾರವೇ ಇದೆ. ಕುಡಿತ ಇದೆ, ಬಾಯ್ಲರ್ ಇದೆ, ಪೊದೆಯ ಸಿಂಹವೂ ಇದೆ. ಆ ಕಾಲದ ಗ್ರಾಫಿಕ್ಸ್ ಸಿಂಹ ನೋಡಿ ನಮ್ಮ ಆಫೀಸಿನಲ್ಲಿ ಒಬ್ಬ ಕಾಫಿ ಉಗುಳಿದ. ಎರಡನ್ನೂ ಎರಡೆರಡು ಸಲ ನೋಡಿದ್ದೇನೆ. ಕ್ಯೂಬ್ರಿಕ್ ಪುಸ್ತಕಕ್ಕೆ ಮೋಸ ಮಾಡಿದ, ಆದರೆ ಹುಡುಗನ ಮೂರು ಗಾಲಿ ಸೈಕಲ್ ಕಾರಿಡಾರಿನಲ್ಲಿ ಹೋಗುವುದನ್ನು ಸುಮ್ನೆ ಹಿಂಬಾಲಿಸಲು ಅವನಿಗೆ ಧೈರ್ಯ ಇತ್ತು. ಕಾರ್ಪೆಟ್ ಮೇಲೆ ಸದ್ದಿಲ್ಲ, ಮರದ ಮೇಲೆ ಗಡಗಡ. ಮತ್ತೆ ಕಾರ್ಪೆಟ್. ಏನೂ ಆಗುವುದಿಲ್ಲ. ನಿಮ್ಮ ಅತ್ತೆ ಅಲ್ಲಿ ಕಾಳು ಹಿತುಕುವುದು ನಿಲ್ಲಿಸುತ್ತಾರೆ ಅಂತ ನನ್ನ ಪಂದ್ಯ.


ಡೆನ್ವರ್ ಚಳಿ ಉತ್ತರಿಸಿದ್ದು:

ಶೈನಿಂಗ್ ಹೆಸರು ಬಂದದ್ದಕ್ಕೆ ಒಂದು ಚಿಕ್ಕ ವಿಷಯ. ನಮ್ಮ ಮನೆಯಿಂದ ಕೊಲರಾಡೋದ ಎಸ್ಟೆಸ್ ಪಾರ್ಕ್ ಅನ್ನುವ ಊರಿಗೆ ಕಾರಿನಲ್ಲಿ ಒಂದೂವರೆ ಗಂಟೆ. ಅಲ್ಲಿನ ಸ್ಟ್ಯಾನ್ಲಿ ಹೋಟೆಲಿನಲ್ಲೇ 1974ರಲ್ಲಿ ಕಿಂಗ್ ಹೆಂಡತಿ ಜೊತೆ ಉಳಿದಿದ್ದು. ಚಳಿಗಾಲಕ್ಕೆ ಮುಚ್ಚುವ ಹೊತ್ತು, ಹೋಟೆಲ್ ಪೂರ್ತಿ ಖಾಲಿ, ರೂಮ್ ನಂಬರ್ 217. ಆ ರಾತ್ರಿಯಿಂದ ಪುಸ್ತಕ ಹುಟ್ಟಿತು. ಕ್ಯೂಬ್ರಿಕ್ ಸಿನಿಮಾ ಅಲ್ಲಿ ಆಗಲೇ ಇಲ್ಲ. ಹೊರಗಿನ ನೋಟ ಒರೆಗಾನ್ ರಾಜ್ಯದ ಟಿಂಬರ್‌ಲೈನ್ ಲಾಡ್ಜ್, ಒಳಗಿನದು ಇಂಗ್ಲೆಂಡಿನ ಸೆಟ್. 217ರ ರೂಮಿಗೆ ಯಾರೂ ಬರದೇ ಹೋದಾರು ಅಂತ ಆ ಲಾಡ್ಜಿನವರು ಕೇಳಿಕೊಂಡದ್ದಕ್ಕೆ ಸಿನಿಮಾದಲ್ಲಿ ನಂಬರನ್ನು 237 ಮಾಡಿದರು.

ತಮಾಷೆ ಏನೆಂದರೆ, ಸ್ಟ್ಯಾನ್ಲಿ ಹೋಟೆಲಿಗೆ ಬಂದವರೆಲ್ಲ "ಚಕ್ರವ್ಯೂಹ ಎಲ್ಲಿ?" ಅಂತ ಕೇಳುತ್ತಿದ್ದರಂತೆ. ಅದು ಪುಸ್ತಕದಲ್ಲೂ ಇಲ್ಲ, ಆ ಹೋಟೆಲಿನಲ್ಲೂ ಇರಲಿಲ್ಲ. ಕೊನೆಗೆ 2015ರಲ್ಲಿ ಹೋಟೆಲಿನವರೇ ಮುಂದಿನ ಹುಲ್ಲುಹಾಸಿನಲ್ಲಿ ಒಂದು ಚಕ್ರವ್ಯೂಹ ನೆಟ್ಟರು. ಅಪ್ಪ ಅಮ್ಮ ಇಲ್ಲಿಗೆ ಬಂದಾಗ ಕರೆದುಕೊಂಡು ಹೋಗಿದ್ದೆ. ಗಿಡಗಳು ಗಿಡ್ಡ. ಅಪ್ಪ ಮೇಲಿಂದಲೇ ದಾರಿ ನೋಡಿಕೊಂಡು ಎರಡು ನಿಮಿಷದಲ್ಲಿ ಹೊರಗೆ ಬಂದು, "ಇಷ್ಟೇನಾ, ಟಿಕೆಟ್ ಎಷ್ಟು?" ಅಂದರು.


ಒಂಟಿಕೊಪ್ಪಲ್ ಹುಡುಗ ಉತ್ತರಿಸಿದ್ದು:

ನಮ್ಮ ಕಡೆಯವರು ಮಾಡಿದ್ದನ್ನು ಯಾರೂ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ. 1998ರಲ್ಲಿ ಜೀ ಟಿವಿಯಲ್ಲಿ 'ವೋ' ಅಂತ ಬರುತ್ತಿತ್ತು, ನೆನಪಿದೆಯಾ? ಅದು 'ಇಟ್'ನ ಹಿಂದಿ ರೂಪ. ಜೋಕರ್ ವೇಷದಲ್ಲಿ ಲಿಲಿಪುಟ್ ಅನ್ನುವ ನಟ. ನಮ್ಮ ಬೀದಿಯಲ್ಲಿ ಕೇಬಲ್ ಇದ್ದದ್ದು ಎರಡೇ ಮನೆಗೆ. ಹಿಂದಿ ಅರ್ಧ ಅರ್ಥ ಆಗುತ್ತಿರಲಿಲ್ಲ. ಆದರೂ ರಾತ್ರಿ ಮನೆಗೆ ವಾಪಸ್ ಬರುವಾಗ ಚರಂಡಿಯಿಂದ ದೂರ ನಡೆಯುತ್ತಿದ್ದೆ. ಈಗ ನೋಡಿದರೆ ಬಣ್ಣ ಮೆತ್ತಿದ ನಾಟಕದ ಹಾಗಿದೆ. ಆಗ ಹಾಗಿರಲಿಲ್ಲ, ಆಣೆ.

2007ರ 'ನೋ ಸ್ಮೋಕಿಂಗ್', ಅನುರಾಗ್ ಕಶ್ಯಪ್, ಜಾನ್ ಅಬ್ರಹಾಂ. ಅದರ ಬೇರು 'ಕ್ವಿಟರ್ಸ್ ಇಂಕ್' ಅನ್ನುವ ಕಥೆ, ಅದೂ 'ನೈಟ್ ಶಿಫ್ಟ್'ನದ್ದೇ. ಸಿಗರೇಟ್ ಬಿಡಿಸುವ ಸಂಸ್ಥೆ, ನೀನು ಸೇದಿದರೆ ಹೆಂಡತಿಗೆ ಕರೆಂಟ್ ಶಾಕ್. ಕಥೆ ಎಷ್ಟು ನೇರವಾಗಿದೆ ಅಂದರೆ ಓದಿದ ಮೇಲೆ ನಮ್ಮಣ್ಣ ನಾಲ್ಕು ದಿನ ಸೇದಲಿಲ್ಲ. ಸಿನಿಮಾ ಅರ್ಧದ ನಂತರ ಎತ್ತೆತ್ತಲೋ ಹೋಗುತ್ತದೆ. ಕೆಲವರಿಗೆ ಅದೇ ಇಷ್ಟ. ನನಗೆ ಇಲ್ಲ. ನಮ್ಮಣ್ಣ ಇಂಟರ್ವಲ್‌ನಲ್ಲೇ ಹೊರಗೆ ಹೋಗಿ ಸೇದಿ ಬಂದ.

ಬಾಲು ಮಹೇಂದ್ರ ತಮಿಳಿನಲ್ಲಿ ಮಾಡಿದ 'ಜೂಲಿ ಗಣಪತಿ', 2003, ಅದು ಲೇಖಕನನ್ನು ಹುಚ್ಚು ಅಭಿಮಾನಿಯೊಬ್ಬಳು ಮನೆಯಲ್ಲಿ ಕೂಡಿಹಾಕುವ 'ಮಿಸರಿ' ಕಥೆಯ ನೆರಳು. ನಮ್ಮ 'ಹೊಸ ಬೆಳಕು' ಸರಿತಾ ಅದರಲ್ಲಿ ಜೂಲಿ. ಮೇಡಂ, ನಿಮ್ಮ ಅತ್ತೆಗೆ ಸರಿತಾ ಗೊತ್ತಿರುತ್ತಾರೆ, ಅದನ್ನು ಹಾಕಿ. ಮೂಲ 'ಮಿಸರಿ'ಯೂ ನೋಡಬಹುದು, 1990ರದ್ದು, ಕ್ಯಾಥಿ ಬೇಟ್ಸ್‌ಗೆ ಆಸ್ಕರ್ ಬಂದದ್ದು ಅದಕ್ಕೇ. ಅವನ ಕಾಲಿಗೆ ಅವಳು ಹಾಕುವ ಏಟು ಪುಸ್ತಕದಲ್ಲಿ ಕೊಡಲಿಯದ್ದು, ಸಿನಿಮಾದಲ್ಲಿ ಸುತ್ತಿಗೆಯದ್ದು. ಕಮ್ಮಿ ಮಾಡಿದರು ಅಂತ ಅಂದುಕೊಂಡೆ, ಆಮೇಲೆ ಆ ದೃಶ್ಯ ನೋಡಿ ಕಾಲು ಮಡಚಿ ಕೂತೆ.

'ದಿ ಡಾರ್ಕ್ ಟವರ್' ಬಗ್ಗೆ ಮಾತಾಡುವುದಿಲ್ಲ. ಏಳು ಪುಸ್ತಕ ಓದಲು ನನಗೆ ಎರಡು ವರ್ಷ ಹಿಡಿದಿತ್ತು. 2017ರಲ್ಲಿ 95 ನಿಮಿಷಕ್ಕೆ ಮುಗಿಸಿದರು. ಮಾತಾಡುವುದಿಲ್ಲ ಅಂದೆನಲ್ಲ.


ರಸ್ತೆಬದಿ ಮನೆ ಮತ್ತೆ ಬರೆದದ್ದು:

ಎಲ್ಲರಿಗೂ ಥ್ಯಾಂಕ್ಸ್. ಕತ್ತರಿ ಕೆಲಸದವರೇ, ಜಗಳದಲ್ಲಿ ನೀವು ಗೆದ್ದಿರಿ. ಹೋಗಿ ಪುಟ ತಿರುವಿ ನೋಡಿದೆ, ಮಣ್ಣಾದ ಮೇಲೆ ದಿನಗಳು ನಿಜಕ್ಕೂ ಕಮ್ಮಿ. ನಾನು ಓದಲು ತೆಗೆದುಕೊಂಡ ದಿನಗಳನ್ನು ಕಥೆಯ ದಿನ ಅಂತ ಲೆಕ್ಕ ಹಾಕಿದ್ದೆ. ಬ್ಯಾಂಕಿನವಳಾಗಿ ಇಂಥ ತಪ್ಪು ಮಾಡಬಾರದಿತ್ತು.

ಶೈನಿಂಗ್ ಹಾಕಿದೆವು. ಸೈಕಲ್ಲಿನ ಜಾಗದಲ್ಲಿ ಅತ್ತೆ ಕಾಳು ಹಿತುಕುವುದು ನಿಲ್ಲಿಸಲಿಲ್ಲ, ಪಂದ್ಯ ಸೋತಿರಿ. ಆದರೆ ನಮ್ಮ ಮಗ ಬಂದು ಟಿವಿ ಮುಂದೆ ನಿಂತು "ಸೈಕಾಲು" ಅಂದ. ಅವತ್ತಿನಿಂದ ಅವನಿಗೂ ಒಂದು ಬೇಕಂತೆ.


ಹಳೇ ಕ್ಯಾಸೆಟ್ ಉತ್ತರಿಸಿದ್ದು:

ನೋಡಬಹುದಾದದ್ದು ಕೇಳಿದ್ದಿರಿ, ನಾನು ನೋಡಬಾರದ್ದನ್ನೇ ಹೇಳಿ ಸುಮ್ಮನಾದೆ. 'ದಿ ಮಿಸ್ಟ್' ನೋಡಿ ತಾಯಿ, 2007. ಫ್ರಾಂಕ್ ಡ್ಯಾರಬಾಂಟ್ ಮಾಡಿದ್ದು, ಕಿಂಗ್ ಕಥೆಯಿಂದಲೇ 'ದಿ ಶಾಶ್ಯಾಂಕ್ ರಿಡೆಂಪ್ಶನ್' ಸಿನಿಮಾ ಮಾಡಿದವನೇ. ಊರಿಗೆ ಮಂಜು ಕವಿಯುತ್ತದೆ, ಮಂಜಿನಲ್ಲಿ ಏನೋ ಇದೆ, ಜನ ಒಂದು ದಿನಸಿ ಅಂಗಡಿಯೊಳಗೆ ಸಿಕ್ಕಿಕೊಳ್ಳುತ್ತಾರೆ. ಅಪ್ಪನೊಬ್ಬ ಚಿಕ್ಕ ಮಗನ ಜೊತೆ ಇದ್ದಾನೆ. ಹೊರಗಿನ ಪ್ರಾಣಿಗಳಿಗಿಂತ ಒಳಗಿನ ಜನ ಬೇಗ ಕೆಡುತ್ತಾರೆ. ಪುಸ್ತಕದ ಕೊನೆಯನ್ನು ಡ್ಯಾರಬಾಂಟ್ ಪೂರ್ತಿ ಬದಲಾಯಿಸಿದ್ದಾನೆ, ಕಿಂಗ್‌ಗೂ ಅದು ಹಿಡಿಸಿತು. ಮಗನನ್ನು ಮಲಗಿಸಿ ಆಮೇಲೆ ಹಾಕಿ. ಆ ಕೊನೆ ಏನು ಅಂತ ಇಲ್ಲಿ ಯಾರೂ ಹೇಳಬಾರದು, ಹೇಳಿದವರಿಗೆ ಒಂದು ರೂಪಾಯಿ ದಂಡ.


ರಸ್ತೆಬದಿ ಮನೆ ಮತ್ತೆ ಬರೆದದ್ದು:

ನಿನ್ನೆ ರಾತ್ರಿ 'ದಿ ಮಿಸ್ಟ್' ನೋಡಿದೆವು. ಕೊನೆ ಹೇಳುವುದಿಲ್ಲ. ಮುಗಿದಾಗ ಮೂವರೂ ಮಾತಾಡಲಿಲ್ಲ. ನಮ್ಮವರು ಎದ್ದು ನೀರು ಕುಡಿದು ಬಂದು ಮತ್ತೆ ಕೂತರು. ಅತ್ತೆ ಬುಟ್ಟಿ ಕೆಳಗಿಟ್ಟು ಸುಮಾರು ಹೊತ್ತಾಗಿತ್ತು, ನಾನು ಗಮನಿಸಿರಲಿಲ್ಲ. ಅವರು, "ಇವ್ನು ಅಳೋಕಾದ್ರೂ ಬಿಟ್ಟ" ಅಂದರು. ಆಮೇಲೆ ದೇವರ ಮನೆಯ ಲೈಟ್ ಹಾಕಿಕೊಂಡೇ ಮಲಗಿದರು. ಸಿನಿಮಾ ಇಷ್ಟವಾಯಿತಾ ಅಂತ ಬೆಳಿಗ್ಗೆ ಕೇಳಿದೆ. "ಇಂಥದ್ದೆಲ್ಲ ಯಾಕೆ ಮಾಡ್ತಾರೆ" ಅಂದರು, ಸ್ವಲ್ಪ ಹೊತ್ತು ಬಿಟ್ಟು "ಇನ್ನೊಂದು ಇದ್ರೆ ಶನಿವಾರ ಹಾಕು" ಅಂದರು.

ಇನ್ನೊಂದು ವಿಷಯ. 'ಪೆಟ್ ಸೆಮಟರಿ' ಪುಸ್ತಕದ ಮುಂದೆ ಕಿಂಗ್‌ನ ಮುನ್ನುಡಿ ಇದೆ, ನಾನು ಅದನ್ನು ಕೊನೆಗೆ ಓದಿದೆ. ಅವನು ಯೂನಿವರ್ಸಿಟಿಯಲ್ಲಿ ಪಾಠ ಮಾಡುತ್ತಿದ್ದಾಗ ಮೇನ್ ರಾಜ್ಯದ ಆರಿಂಗ್ಟನ್ ಎಂಬಲ್ಲಿ ಬಾಡಿಗೆ ಮನೆ. ಮುಂದೆ ಲಾರಿ ರಸ್ತೆ. ಮಗಳ ಬೆಕ್ಕು ಆ ರಸ್ತೆಯಲ್ಲೇ ಸತ್ತಿತು. ಊರಿನ ಮಕ್ಕಳು ಪ್ರಾಣಿಗಳನ್ನು ಹೂಳುತ್ತಿದ್ದ ಜಾಗ ಅಲ್ಲಿ ನಿಜಕ್ಕೂ ಇತ್ತು, ಬೆಕ್ಕನ್ನು ಅಲ್ಲೇ ಹೂತರು. ಆಮೇಲೆ ಒಂದು ದಿನ ಅವನ ಪುಟ್ಟ ಮಗ ರಸ್ತೆ ಕಡೆ ಓಡಿದ. ಲಾರಿ ಬರುತ್ತಿತ್ತು. ಕಿಂಗ್ ಹಿಂದೆ ಓಡಿದ. ತಾನು ಹಿಡಿದು ಬೀಳಿಸಿದೆನೋ, ಮಗನೇ ಕಾಲು ತೊಡರಿ ಬಿದ್ದನೋ, ಅವನಿಗೇ ಸರಿಯಾಗಿ ಗೊತ್ತಿಲ್ಲವಂತೆ. ಮಗ ಉಳಿದ. ಪುಸ್ತಕ ಬರೆದು ಮುಗಿಸಿ, ಇದು ಅತಿಯಾಯಿತು ಅಂತ ಡ್ರಾಯರಿನಲ್ಲಿಟ್ಟ. ಪ್ರಕಾಶಕರಿಗೆ ಒಂದು ಪುಸ್ತಕ ಬಾಕಿ ಇತ್ತು ಅನ್ನುವ ಕಾರಣಕ್ಕೆ 1983ರಲ್ಲಿ ಅದು ಹೊರಗೆ ಬಂತು.

ಹಾಗಾದರೆ ಆ ಒಲಿಂಪಿಕ್ ಅಧ್ಯಾಯದಲ್ಲಿ ಜಾಕೆಟ್ ಹಿಡಿದು ಎಳೆದವನು ಲೂಯಿಸ್ ಅಲ್ಲ ಅನಿಸಿತು. ಅದನ್ನು ಯಾವ ಸಿನಿಮಾದವರು ಹೇಗೆ ತೋರಿಸಬೇಕು ನನಗೂ ಹೊಳೆಯುತ್ತಿಲ್ಲ. ಬೈದದ್ದನ್ನು ಸ್ವಲ್ಪ ವಾಪಸ್ ತೆಗೆದುಕೊಳ್ಳುತ್ತೇನೆ. ಪೂರ್ತಿ ಅಲ್ಲ.

ಮೊನ್ನೆ ಮಗ ಸೈಕಾಲು ಸೈಕಾಲು ಅನ್ನುತ್ತಾ ಹೋಗಿ ತುದಿಗಾಲಲ್ಲಿ ನಿಂತು ಗೇಟಿನ ಚಿಲಕ ಎತ್ತಿದ. ಇಷ್ಟು ದಿನ ಎಟುಕುತ್ತಿರಲಿಲ್ಲ. ಮೇಲೆ ಇನ್ನೊಂದು ಚಿಲಕ ಹಾಕಿಸಬೇಕು. ವೆಲ್ಡಿಂಗ್‌ನವರು ಬುಧವಾರ ಬರುತ್ತೇನೆ ಅಂದಿದ್ದಾರೆ.


ಹಳೇ ಕ್ಯಾಸೆಟ್ ಉತ್ತರಿಸಿದ್ದು:

ಬುಧವಾರದವರೆಗೆ ಸರಪಳಿ ಹಾಕಿ ಬೀಗ ಜಡಿಯಿರಿ ತಾಯಿ. ವೆಲ್ಡಿಂಗ್‌ನವರು ಹೇಳಿದ ದಿನ ಬರುವುದಿಲ್ಲ.